ದೀಪ ದೊಡ್ಡದ ಮಾಡು

ಬೆಳಗಿನ ಏಳೂವರೆಗೆ ನೀಲವ್ವ ಮಗ್ಗಕ್ಕೆ ಕೂತಳು. ಸೊಸೆ ಸಹನಾ ಅಡುಗೆಮನೆಯಿಂದಲೇ "ಅತ್ತಿ ಕಡೆ ಫ್ಯಾನ್" ಎಂದಳು. ಮಗ್ಗದ ಕೋಣೆಯ ಗೋಡೆಯೊಳಗೆ ಕರೆಂಟು ತನ್ನ ದಾರಿ ತಾನೇ ಹುಡುಕಿಕೊಂಡು ಬಂದು ಫ್ಯಾನನ್ನು ತಿರುಗಿಸಿತು. ಆ ಗೋಡೆಯಲ್ಲಿ ತಂತಿ ಇರಲಿಲ್ಲ, ಸ್ವಿಚ್ಚೂ ಇರಲಿಲ್ಲ.

ಇದು ಮಿಂಚುಗಾರೆಯ ಕೆಲಸ. ಸುಣ್ಣದ ಗಾರೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಚೂರುಗಳನ್ನು ಕಲಸಿ ಗೋಡೆಗೆ ಬಳಿಯುತ್ತಾರೆ. ಮನೆಯವರ ಮಾತು ಕೇಳಿದ ಕೂಡಲೇ ಆ ಚೂರುಗಳು ಬೆಲ್ಲದ ವಾಸನೆ ಹಿಡಿದ ಇರುವೆಗಳಂತೆ ಸಾಲುಗಟ್ಟಿ ಕರೆಂಟಿಗೆ ದಾರಿಯಾಗುತ್ತವೆ. ಕೆಲಸ ಮುಗಿದರೆ ಚದುರಿಹೋಗುತ್ತವೆ. ಹೆಚ್ಚು ಬೇಕೆಂದರೆ ಸಾಲು ದಪ್ಪವಾಗುತ್ತದೆ. ಅದು ಬಂದು ಹದಿನೇಳು ವರ್ಷವಾಗಿತ್ತು. ಗದಗ-ಬೆಟಗೇರಿಯ ಮಕ್ಕಳಿಗೆ ಪ್ಲಗ್ಗು ಎಂದರೆ ಏನೆಂದು ಚಿತ್ರ ಬರೆದು ತೋರಿಸಬೇಕಾಗಿತ್ತು.

ಆ ಗೋಡೆಯ ಮುಂದೆ ಅಕ್ಷತಾ ಪತ್ತಾರ ಒಂದು ತಾಸಿನಿಂದ ಸ್ಟೂಲಿನ ಮೇಲೆ ಕೂತಿದ್ದಳು. ಅವಳಿಗೆ ಐವತ್ತೆಂಟು. ಗದಗಿನಲ್ಲಿ ಐಟಿಐ ಮುಗಿಸಿ ಇಪ್ಪತ್ತು ವರ್ಷ ಮನೆ ಮನೆಗೆ ತಂತಿ ಎಳೆದವಳು. ಮಿಂಚುಗಾರೆ ಬಂದಾಗ ತಂತಿಯ ಜೊತೆಗೆ ಅವಳ ಕಸುಬೂ ಗೋಡೆಯಿಂದ ಕಿತ್ತುಬಂತು. ಆಮೇಲೆಲ್ಲ ರೊಟ್ಟಿ ಮಾರುವ ಕೇಂದ್ರವೊಂದರಲ್ಲಿ ರೊಟ್ಟಿ ಬಡಿದಳು. ಈಗ, 2063ರಲ್ಲಿ, ಕೆಲವು ಮನೆಗಳ ಗೋಡೆಗಳು ಕಾರಣ ತಿಳಿಯದೆ ಕಾದು ಬಿಸಿಯಾಗತೊಡಗಿ, ಕರೆಂಟನ್ನು ಕೈಯಿಂದ ಬಲ್ಲವರು ಯಾರಾದರೂ ಉಳಿದಿದ್ದಾರೆಯೇ ಎಂದು ಇಲಾಖೆ ಕೇಳಿದಾಗ ಅವಳು ಅರ್ಜಿ ಹಾಕಿದಳು. ತಾತ್ಕಾಲಿಕ ಪರವಾನಗಿ ಸಿಕ್ಕಿತು, ಒಂದು ಷರತ್ತಿನ ಮೇಲೆ. ಮೂರು ಮನೆಗಳ ದೋಷದ ಕಾರಣ ಹಿಡಿಯಲಾಗದಿದ್ದರೆ ಪರವಾನಗಿ ರದ್ದು. ಎರಡು ಮನೆಗಳಲ್ಲಿ ಅವಳು ಆಗಲೇ ಸೋತಿದ್ದಳು. ಇದು ಮೂರನೆಯ ಮನೆ.

ಜೊತೆಗೆ ಡಾ. ವಿಹಾನ್ ಶಾನುಭಾಗ ಬಂದಿದ್ದ. ಗಾರೆಗೆ ಕನ್ನಡ ಕಲಿಸುವ ತಂಡದವನು, ಮೈಸೂರಿನವನು, ಇನ್ನೂ ಮೂವತ್ತಮೂರು.

"ದಾಖಲೆಯಲ್ಲಿ ತಪ್ಪೇನೂ ಇಲ್ಲ ಮೇಡಂ," ಎಂದ, ಕೈಯಲ್ಲಿದ್ದ ತೆಳ್ಳನೆಯ ಫಲಕ ನೋಡುತ್ತ. "ದಿನಾ ಎಂಟರ ಹೊತ್ತಿಗೆ ಅಜ್ಜಿ ದೀಪ ಜಾಸ್ತಿ ಮಾಡೋಕೆ ಹೇಳ್ತಾರೆ. ಮೂರು ಸಲ, ನಾಲ್ಕು ಸಲ. ಕಣ್ಣು ಮಂಜಾಗಿರಬೇಕು ಅಂತ ನಮ್ಮವರು ಎರಡು ಸಲ ದೊಡ್ಡ ದೀಪ ಹಾಕಿಹೋದ್ರು. ಆಮೇಲೆ ಗೋಡೆ ಇನ್ನೂ ಜಾಸ್ತಿ ಕಾಯ್ತಿದೆ."

"ನೀಲವ್ವಾರ, ಕಣ್ಣ ಮಂಜಾಗ್ಯಾವೇನ್ರಿ?" ಎಂದು ಅಕ್ಷತಾ ಕೇಳಿದಳು.

ಎಂಬತ್ತಾರರ ನೀಲವ್ವ ಲಾಳಿ ನಿಲ್ಲಿಸಲಿಲ್ಲ. "ನಿನ್ನ ಎಡಗಿವಿ ಬೆಂಡೋಲಿ ತಿರಪ ಸಡ್ಲ ಆಗೇತಿ, ನೋಡವಾ. ಬಿದ್ದೀತು."

ಅಕ್ಷತಾ ಕಿವಿಯೋಲೆ ಮುಟ್ಟಿ ನೋಡಿದಳು. ಹೌದು, ತಿರುಪು ಸಡಿಲಾಗಿತ್ತು. ವಿಹಾನ್ ಕಡೆ ತಿರುಗಿದಳು. "ಇವ್ರನ್ನ ಒಂದ ಮಾತ ಕೇಳಿದ್ರೇನ್ರಿ ನೀವು?"

"ದಾಖಲೆ ಇತ್ತಲ್ಲ ಮೇಡಂ."

ಬೆಳಕಿಂಡಿಯಿಂದ ಬಿಸಿಲು ಇಳಿದು ಮಗ್ಗದ ಮೇಲೆ ಬಿತ್ತು. ನೀಲವ್ವ ಎದ್ದು ಆ ಗೋಡೆಯಲ್ಲಿದ್ದ ದೇವರ ಗೂಡಿನ ಮುಂದೆ ನಿಂತಳು. ಗೂಡಿನಲ್ಲಿ ಕರೆಂಟಿನ ದೀಪ ಉರಿಯುತ್ತಿತ್ತು. ಕೈಮುಗಿದು, ಮಲಗಿದ ಕೂಸಿಗೆ ಹೇಳುವಂತೆ ಮೆಲ್ಲಗೆ ಹೇಳಿದಳು: "ದೀಪ ದೊಡ್ಡದ ಮಾಡು."

ದೀಪ ಭಗ್ಗೆಂದಿತು. ನೀಲವ್ವ ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ಅಂದಳು. ಅಕ್ಷತಾ ಗೋಡೆಗೆ ಕೈಯ ಹಿಂಬದಿಯನ್ನು ತಾಗಿಸಿದಳು. ಅಂಗೈ ತಾಗಿಸಿದರೆ ಕರೆಂಟು ಹೊಡೆದಾಗ ಬೆರಳು ಮಡಚಿ ಹಿಡಿದುಕೊಂಡುಬಿಡುತ್ತವೆ. ಹಿಂಬದಿಯಾದರೆ ಕೈ ತಾನೇ ಹಿಂದಕ್ಕೆ ಬರುತ್ತದೆ. ಹಳೆಯ ಕಸುಬಿನ ರೂಢಿ ಅದು. ಗೋಡೆ ಆಗತಾನೇ ಒಲೆಗಿಟ್ಟ ಹಂಚಿನ ಹಾಗಿತ್ತು. ಮೂರನೆಯ ಸಲ ಅಂದಾಗ ಕೈ ಇಡಲಾಗಲಿಲ್ಲ. ಗೇಣು ದೂರದಲ್ಲಿ ಹತ್ತಿ ನೂಲಿನ ಲಡಿಗಳು ತೂಗುತ್ತಿದ್ದವು.

"ಸಹನಾ, ಬಾರ ಇಲ್ಲೆ. ನಿನ್ನ ಗ್ವಾಡಿಗೆ ಕಿವಿ ಕೇಳವಲ್ದು." ನೀಲವ್ವ ಕೂಗಿದಳು.

ಸಹನಾ ಹಿಟ್ಟಿನ ಕೈಯಲ್ಲೇ ಬಂದು "ಲೈಟ್ ಆಫ್" ಎಂದಳು. ದೀಪ ಹೋಯಿತು.

ಅಕ್ಷತಾಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ವಿಹಾನ್ ಇಬ್ಬರ ಮುಖವನ್ನೂ ನೋಡಿದ.

"ಆರಸು ಅಂತ ಹೇಳಾಕತ್ಯಾರ್ರೀ ಅವ್ರು," ಎಂದಳು ಅಕ್ಷತಾ.

"ದೊಡ್ಡದು ಮಾಡು ಅಂದ್ರಲ್ಲ?"

"ದೀಪ ಆರಸು ಅಂತ ಬಾಯಿಲೆ ಅನಬಾರ್ದು, ಅಪಶಕುನ. ಅದಕ್ಕ ದೊಡ್ಡದ ಮಾಡು ಅಂತಾರ. ಬಳಿ ಒಡೀತು ಅನ್ನಂಗಿಲ್ಲ, ಹೆಚ್ಚಿತು ಅಂತಾರ. ನೀವು ಮನಿ ಬಿಟ್ಟ ಬರೂ ಮುಂದ ಅವ್ವಗ ಏನ್ ಹೇಳಿ ಬಂದ್ರಿ?"

"ಬರ್ತೀನಿ ಅಂದೆ." ಅವನು ತಡೆದ. "ಹೋಗ್ತೀನಿ ಅನ್ನಲ್ಲ."

"ಮತ್ತೇನಪಾ. ನೀನೂ ಅದ ಮಂದಿ," ಎಂದಳು ನೀಲವ್ವ.

ವಿಹಾನ್ ಫಲಕದಲ್ಲಿ ವರದಿಯ ನಮೂನೆ ತೆರೆದ. ಕಾರಣದ ಮುಂದೆ ಗುರುತು ಹಾಕಲು ಎರಡೇ ಚೌಕಗಳಿದ್ದವು: ಗಾರೆಯ ದೋಷ, ಬಳಕೆದಾರರ ತಪ್ಪು. "ಬಳಕೆದಾರರ ತಪ್ಪು ಅಂತ ಗುರುತು ಹಾಕಿ ಮೇಡಂ. ನೀವು ಕಾರಣ ಹಿಡಿದ್ರಿ. ಪರವಾನಗಿ ಪಕ್ಕಾ ಆಗುತ್ತೆ."

"ಹಾಕಿದ್ರ ಇವರಿಗೇನಾಕ್ಕೈತಿ?"

"ಅಪಾಯ ತರೋ ದನಿ ಅಂತ ಗೋಡೆ ಅವರ ಮಾತು ಕೇಳೋದು ನಿಲ್ಲಿಸುತ್ತೆ. ಸೊಸೆ ಇದಾರಲ್ಲ, ಅವರು ಹೇಳ್ತಾರೆ. ಇಲ್ಲ ಅಂದ್ರೆ ಅಜ್ಜಿಯೇ 'ಆರಿಸು' ಅಂದರಾಯ್ತು, ಅಷ್ಟೇ."

ನೀಲವ್ವ ಮಗ್ಗದ ಹತ್ತಿರ ಹೋದವಳು ತಿರುಗಿದಳು. "ನಮ್ಮ ಮಾವ ತೀರಿಕೊಂಡ ದಿನಾನೂ ಆ ಮಾತ ನನ್ನ ಬಾಯಾಗ ಬಂದಿಲ್ಲ. ಗ್ವಾಡಿ ಸಲುವಾಗಿ ಆಡ್ಲೇನು?" ಸಿಟ್ಟೇನೂ ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು.

ಅಕ್ಷತಾ ಫಲಕವನ್ನು ತೊಡೆಯ ಮೇಲಿಟ್ಟುಕೊಂಡಳು. ಹದಿನೇಳು ವರ್ಷದ ಹಿಟ್ಟು ಇನ್ನೂ ಉಗುರಿನ ಸಂದಿಯಲ್ಲಿದೆ ಎಂದು ಅವಳಿಗೆ ಆಗಾಗ ಅನಿಸುತ್ತಿತ್ತು. ಮೊದಲ ದಿನ ಕರೆಂಟಿನ ಟೆಸ್ಟರ್ ಹಿಡಿದು ಮನೆಯಿಂದ ಹೊರಟಿದ್ದಳು. ಬೀದಿಯ ಹೆಂಗಸರು "ರೊಟ್ಟಿ ಅಕ್ಷತಕ್ಕ ಕರೆಂಟ್ ಬಡ್ಯಾಕ ಹೊಂಟಾಳ" ಎಂದು ನಕ್ಕಿದ್ದರು. ಈಗ ಒಂದು ಗುರುತು ಸಾಕಿತ್ತು. ಅದು ಸುಳ್ಳು ಎಂದು ಹೇಳುವವರು ಯಾರೂ ಇರಲಿಲ್ಲ. ಸಹನಾಗೂ ಅತ್ತೆಯ ಪರವಾಗಿ ದಿನಕ್ಕೆರಡು ಮಾತು ಆಡುವುದು ಕಷ್ಟವಲ್ಲ. ಆದರೆ ತನ್ನ ಮಗ್ಗದ ಕೋಣೆಯಲ್ಲಿ ನೀಲವ್ವ ಮಾತಾಡುತ್ತಲೇ ಇರುವುದು, ಗೋಡೆ ಸುಮ್ಮನಿರುವುದು ಕಣ್ಣಮುಂದೆ ಬಂತು. ತಪ್ಪು ಆಕೆಯದಾಗಿರಲಿಲ್ಲ. ಗಾರೆಯದೂ ಆಗಿರಲಿಲ್ಲ, ಅದು ತನಗೆ ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿತ್ತು.

ಅವಳು ಎರಡೂ ಚೌಕಗಳನ್ನು ಖಾಲಿ ಬಿಟ್ಟು, ಕೆಳಗೆ ಷರಾ ಎಂದಿದ್ದ ಕಡೆ ಬರೆದಳು: "ಗೋಡೆಗೆ ಕನ್ನಡ ಅರ್ಧ ಬರುತ್ತದೆ. ಉಳಿದರ್ಧ ಕಲಿಸಬೇಕು. ಕಲಿಸುವ ತನಕ ಈ ಗೂಡಿಗೆ ಕೈಯಿಂದ ಒತ್ತುವ ಸ್ವಿಚ್ಚು ಹಾಕುತ್ತಿದ್ದೇನೆ."

"ಮೇಡಂ, ಷರಾ ಯಾರೂ ಓದಲ್ಲ. ಗುರುತು ಇಲ್ಲದಿದ್ರೆ ಕಾರಣ ಸಿಕ್ಕಿಲ್ಲ ಅಂತಲೇ ಲೆಕ್ಕ. ಮೂರನೇದು."

"ಗೊತ್ತೈತ್ರಿ. ನೀವರ ಓದ್ತೀರಲ್ಲ."

ಚೀಲದ ತಳದಿಂದ ಹಳೆಯ ಸ್ವಿಚ್ಚೊಂದನ್ನು ತೆಗೆದು ಗೂಡಿನ ಪಕ್ಕ ಕೂರಿಸಿ, ದೀಪ ಮಾತಿಗೆ ಬದಲು ಅದಕ್ಕಷ್ಟೇ ಓಗೊಡುವಂತೆ ತಂತಿ ಜೋಡಿಸಿದಳು. ಅರ್ಧ ತಾಸು ಹಿಡಿಯಿತು. ನೀಲವ್ವ ಒತ್ತಿ ನೋಡಿದಳು, ಮತ್ತೊಮ್ಮೆ ಒತ್ತಿದಳು. ಒತ್ತುವಾಗಲೂ "ದೊಡ್ಡದ ಮಾಡ್ತೀನವಾ" ಎಂದು ದೀಪಕ್ಕೆ ಹೇಳಿಯೇ ಒತ್ತಿದಳು.

ಹನ್ನೊಂದನೆಯ ದಿನ ಪರವಾನಗಿ ರದ್ದಾದ ಪತ್ರ ಬಂತು. ಅದೇ ವಾರ ವಿಹಾನ್ ತಾನೇ ಬಂದ. ಇಂಥ ಮಾತುಗಳನ್ನು ಕೂಡಿಸಬೇಕು, ಮನೆ ಮನೆಗೆ ಹೋಗುವವರು ಬೇಕು, ನೀವು ಆಗಬಹುದೇ ಎಂದು ಕೇಳಿದ. ಹುದ್ದೆಗೆ 'ಭಾಷಾ ಸಹಾಯಕಿ' ಎಂದು ಹೆಸರಿಟ್ಟಿದ್ದ.

"ಬರ್ತೀನಿ. ಆದ್ರ ಕಾಗದದಾಗ ಎಲೆಕ್ಟ್ರಿಷಿಯನ್ ಅಂತ ಇರ್ಲಿ," ಎಂದಳು ಅಕ್ಷತಾ. "ಚೀಲಾನೂ ತರ್ತೀನಿ."

ಆ ಹೆಸರಿಗೆ ಇಲಾಖೆಯ ಒಪ್ಪಿಗೆ ಸಿಗಲು ಎರಡು ತಿಂಗಳು ಬೇಕಾಯಿತು.

ಬೆಟಗೇರಿ, ಗದಗ, ಆಮೇಲೆ ಮುಳಗುಂದ. ಚೀಲ ಹೆಗಲಿಗೆ, ನೋಟುಪುಸ್ತಕ ಕೈಗೆ. ಸ್ವಿಚ್ಚುಗಳನ್ನು ಬಹಳ ಹಾಕಿದಳು. ಮಾತುಗಳು ಮಾತ್ರ ಅಂದುಕೊಂಡಷ್ಟು ಸಿಗಲಿಲ್ಲ. ಅವನ್ನು ಆಡುತ್ತಿದ್ದವರಲ್ಲಿ ಹೆಚ್ಚಿನವರು ತೀರಿಕೊಂಡಿದ್ದರು. ಅವಳ ವಾರಿಗೆಯವರನ್ನು ಕೇಳಿದರೆ, "ನಮ್ಮ ಅಜ್ಜಿ ಏನೋ ಅಂತಿದ್ಲವಾ, ನೆನಪಿಗೆ ಬರವಲ್ದು" ಎನ್ನುತ್ತಿದ್ದರು. ಗಾರೆಗೆ ಕಲಿಸಿದ ಕನ್ನಡವೆಲ್ಲ ನಲವತ್ತು ವರ್ಷದ ಹಿಂದಿನವರು ಫೋನಿನಲ್ಲಿ ಬರೆದದ್ದು, ಆಡಿದ್ದು ಎಂದು ವಿಹಾನ್ ಹೇಳಿದ್ದ. ಆ ಬರೆದವರಲ್ಲಿ ತಾನೂ ಒಬ್ಬಳು ಎಂದು ಅವಳಿಗೆ ಹೊಳೆದದ್ದು ಮುಳಗುಂದದ ಒಂದು ಕಟ್ಟೆಯ ಮೇಲೆ, ಖಾಲಿ ಪುಟ ತೆರೆದು ಕೂತಿದ್ದಾಗ.

2026ರಲ್ಲಿ ಅವಳಿಗೆ ಇಪ್ಪತ್ತೊಂದು. ಅವಳ ಅಜ್ಜಿ ಗಟ್ಟಿಯಾಗಿದ್ದಳು. ದಿನವೂ ಮೊಮ್ಮಗಳಿದ್ದ ಕೋಣೆಯಲ್ಲೇ ಕೂತು ದೀಪಕ್ಕೆ, ಒಲೆಗೆ, ಹೊಸ್ತಿಲಿಗೆ ಒಂದೊಂದಕ್ಕೂ ಒಂದೊಂದು ಮಾತು ಆಡುತ್ತಿದ್ದಳು. ಅಕ್ಷತಾ ಎದುರಿಗೇ ಇರುತ್ತಿದ್ದಳು, ಫೋನು ನೋಡುತ್ತ. "ಹಂಗ್ಯಾಕಂತಿ ಅಜ್ಜೀ?" ಎಂದು ತಲೆಯೆತ್ತಿ ಕೇಳಿದ್ದರೆ ಅಜ್ಜಿ ಹೇಳುತ್ತಿದ್ದಳು. ಹೇಳಲು ಅವಳಿಗೆ ಬೇಕಾದಷ್ಟು ಹೊತ್ತಿತ್ತು.