ಕಮಾನಿನವರೆಗೆ ಬಂದ ಡಂಗುರ

ಅಕ್ಟೋಬರ್ 23, 2025, ಗುರುವಾರ, ಬೆಳಿಗ್ಗೆ 6.50. ಬಂಡೆಕೆರೆ ಪೊಲೀಸ್ ಠಾಣೆಯ ಕಟ್ಟೆಯ ಮೇಲೆ ಒಬ್ಬ ಮನುಷ್ಯ ಬಂದು ಕೂತಿದ್ದ. ಮೊಣಕಾಲಿನವರೆಗೆ ಕೆಸರು, ಒಂದೇ ಕಾಲಿಗೆ ಚಪ್ಪಲಿ. ಒಳಗೆ ಬಾ ಎಂದರೂ ಬರಲಿಲ್ಲ, ನೀರು ಕೊಟ್ಟರೂ ಕುಡಿಯಲಿಲ್ಲ. ಪಿಎಸ್‌ಐ ಗುರುಮೂರ್ತಿ ಹೊರಗೆ ಬಂದು ಪಕ್ಕದಲ್ಲೇ ಕೂತ ಮೇಲೆ ಬಾಯಿ ಬಿಟ್ಟ.

"ನನ್ನ ಹೆಂಡ್ತಿ ಸತ್ತಾಳ್ರಿ ಸರ. ಯಾರೋ ಬೇಕಂತ ಕೆರಿ ಕೋಡಿ ಒಡದಾರ. ಬರ್ಕೊಳ್ರಿ."

ಅವನ ಹೆಸರು ಶ್ರೀನಿವಾಸ. ಹಡಗಲಿ ಕಡೆಯವನು, ಗಾಳಿಯಂತ್ರದ ಕಂಪನಿಯಲ್ಲಿ ಎಲೆಕ್ಟ್ರಿಷಿಯನ್. ಎರಡು ವರ್ಷದಿಂದ ಗಂಗಾಶ್ರೀ ಬಡಾವಣೆಯಲ್ಲಿ ಬಾಡಿಗೆಗೆ ಇದ್ದ. ಹೆಂಡತಿ ಅರ್ಚನಾಗೆ ಇಪ್ಪತ್ತೇಳು ವರ್ಷ. ಮನೆಯ ಕೆಳಗೆ, ರಸ್ತೆಗಿಂತ ನಾಲ್ಕು ಮೆಟ್ಟಿಲು ತಗ್ಗಿನಲ್ಲಿದ್ದ ಕೋಣೆಯಲ್ಲಿ ಹೊಲಿಗೆ ಮಾಡುತ್ತಿದ್ದಳು. ಹಿಂದಿನ ದಿನ ಬಲಿಪಾಡ್ಯಮಿ. ಹಬ್ಬವಾದರೂ ಮದುವೆಯೊಂದರ ರವಿಕೆಗಳು ಬಾಕಿ ಇದ್ದವು. ಎರಚಲು ಒಳಗೆ ಬಡಿಯುತ್ತದೆಂದು ಶಟರ್ ಎಳೆದುಕೊಂಡು ಹೊಲಿಯುತ್ತ ಕೂತಿದ್ದಳು. ಸಂಜೆ ಏಳರ ಸುಮಾರಿಗೆ ನೀರು ನುಗ್ಗಿತು. ನೀರಿನ ಭಾರಕ್ಕೆ ಶಟರ್ ಮೇಲೇಳಲಿಲ್ಲ. ಶ್ರೀನಿವಾಸ ಕೊಟ್ಟೂರಿನಿಂದ ವಾಪಸು ಬರುವಷ್ಟರಲ್ಲಿ ಅಕ್ಕಪಕ್ಕದವರು ಹಾರೆ ಹಾಕಿ ಮೀಟುತ್ತಿದ್ದರು.

7.30ಕ್ಕೆ ಎಫ್‌ಐಆರ್ ದಾಖಲಾಯಿತು. ಗುನ್ನೆ ನಂಬರ್ 148, ಭಾರತೀಯ ನ್ಯಾಯ ಸಂಹಿತೆ ಕಲಂ 106(1), ನಿರ್ಲಕ್ಷ್ಯದಿಂದ ಸಾವು. ಆರೋಪಿಯ ಹೆಸರಿನ ಜಾಗದಲ್ಲಿ 'ಅಪರಿಚಿತರು' ಎಂದು ಮಹಿಳಾ ಕಾನ್‌ಸ್ಟೆಬಲ್ ಸುಮಲತಾ ಬರೆದಳು. ಶವವನ್ನು ಮರಣೋತ್ತರ ಪರೀಕ್ಷೆಗೆ ಕೂಡ್ಲಿಗಿಗೆ ಕಳಿಸಿದರು.

ಬಂಡೆಕೆರೆ ಕೂಡ್ಲಿಗಿಗೂ ಕೊಟ್ಟೂರಿಗೂ ನಡುವಿನ ಊರು. ಹತ್ತು ವರ್ಷದ ಹಿಂದೆ ಇಲ್ಲಿ ಬಸ್ಸು ನಿಂತರೆ ಇಳಿಯುವ ಜನಕ್ಕಿಂತ ಅಡ್ಡ ಬರುವ ಎಮ್ಮೆಗಳೇ ಹೆಚ್ಚು. ಗುಡ್ಡದ ಮೇಲೆ ಗಾಳಿಯಂತ್ರಗಳು ಎದ್ದವು, ಕಾಲೇಜು ಬಂತು, ನಾಲ್ಕು ಸಾವಿರ ಜನ ಹನ್ನೊಂದು ಸಾವಿರವಾದರು. ಬಂದವರಿಗೆ ಮನೆ ಬೇಕು, ಮನೆಗೆ ಜಾಗ ಬೇಕು. ಗೋಮಾಳ ಮುಗಿಯಿತು, ಕಣಗಳು ಮುಗಿದವು. ಕೊನೆಗೆ ಉಳಿದದ್ದು ಕೆರೆ ತುಂಬಿದರೆ ಕೋಡಿಯ ನೀರು ಹರಿದುಹೋಗುವ ಹಳ್ಳ. ವರ್ಷಗಟ್ಟಲೆ ಒಣಗಿ ಬಿದ್ದಿದ್ದ ಅದನ್ನು ಗುರುಶಾಂತ ಎಂಬ ಸೈಟು ವ್ಯಾಪಾರದ ಸಾಹುಕಾರ ಸಮ ಮಾಡಿಸಿ, ಬಣ್ಣದ ಕಮಾನು ಕಟ್ಟಿಸಿ, ಗಂಗೆಯ ಹೆಸರಿಟ್ಟು ಮಾರಿದ. ಹಳ್ಳಕ್ಕೆ ಗಂಗೆಯ ಹೆಸರಿಡುವ ಧೈರ್ಯವನ್ನಾದರೂ ಮೆಚ್ಚಬೇಕು. ಬಂಗಾಳ ಕೊಲ್ಲಿಯ ಚಂಡಮಾರುತ ಎಂದರೆ ಇಲ್ಲಿನವರಿಗೆ ಟೀವಿಯಲ್ಲಿ ನೋಡಿ ಅಯ್ಯೋ ಪಾಪ ಎನ್ನುವ ಸುದ್ದಿಯಾಗಿತ್ತು. ಈಚೆಗೆ ಅದರ ಬಾಲ ಇಲ್ಲಿಯವರೆಗೂ ಬಡಿಯತೊಡಗಿತ್ತು. ಈ ಸಲ ಮೂರು ದಿನ ಬಿಡದೆ ಹುಯ್ದಿತ್ತು.

9.15ಕ್ಕೆ ಕೋಡಿಯ ಬಳಿ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ. ಕೋಡಿಯ ಹಳೆಯ ಕಲ್ಲುಗೋಡೆ ತೊಂಬತ್ತು ಅಡಿ ಅಗಲ. ಅದರ ಮೇಲೆ ಯಾರೋ ಮೊದಲೇ ಮರಳು ಸಿಮೆಂಟು ತುಂಬಿದ ಚೀಲಗಳನ್ನು ಮೂರಡಿ ಎತ್ತರಕ್ಕೆ ಪೇರಿಸಿದ್ದರು. ನೀರು ಹೋಗಲು ಬಿಟ್ಟಿದ್ದ ಜಾಗ ಹನ್ನೆರಡೇ ಅಡಿ. ಈಗ ನಡುವಿನ ಚೀಲಗಳು ಇರಲಿಲ್ಲ. ಹೆಡ್ ಕಾನ್‌ಸ್ಟೆಬಲ್ ಹಂಪೇಶ್ ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ.

"ಸರ, ಇದು ಒಡದಿದ್ದಲ್ರಿ, ಬಿಚ್ಚಿದ್ದು. ಒಂದು ಕಲ್ಲೂ ಅಲಗಾಡಿಲ್ಲ. ಚೀಲ ಒಂದೊಂದ ತೆಗದು ದಂಡಿಗೆ ಜೋಡಿಸ್ಯಾನ. ಇದು ಗೊತ್ತಿದ್ದವನ ಕೈ."

ಏರಿಯ ಮಗ್ಗುಲಲ್ಲಿ ಒಂದು ಕಡೆ ನೀರು ಒಸರಿದ್ದ ಗುರುತಿತ್ತು. ಹುಲ್ಲು, ಗೋಣಿತಾಟು ತುರುಕಿ ಮೇಲೆ ಮಣ್ಣು ಮೆತ್ತಿದ್ದರು. ಏರಿಯ ಕೆಳಗೆ ಹಳೇ ಊರಿನ ಇನ್ನೂರು ಮನೆ. ಕೋಡಿ ಬಿಚ್ಚದಿದ್ದರೆ ಏರಿ ಒಡೆಯುತ್ತಿತ್ತು ಎನ್ನುವುದಕ್ಕೆ ಎಂಜಿನಿಯರೇ ಬಂದು ಹೇಳಬೇಕಾಗಿರಲಿಲ್ಲ.

10.40, ಹಳೇ ಊರು. ಅಂಗಳ ಬಳಿಯುತ್ತಿದ್ದ ಹುಲುಗಮ್ಮ ಎಂಬ ಮುದುಕಿಯನ್ನು ಗುರುಮೂರ್ತಿ ಕೇಳಿದ.

"ನೀರು ಬಿಡ್ತಾರಂತ ನಿಮಗೆ ಹೆಂಗೆ ಗೊತ್ತಾತಮ್ಮ?"

"ಹಲಗಿ ಬಡದ್ನಲ್ರಿ."

"ಯಾರು?"

"ಮತ್ಯಾರು, ನೀರಗಂಟಿ ಜಂಬಣ್ಣ. ಕೆರಿ ಕಾಯೋದು ಅವರ ಮನಿತನದ ಕೆಲಸ. ಕೋಡಿ ಬಿಡಾಕ ಮೊದ್ಲು ಡಂಗುರ ಸಾರಬೇಕು, ಅವರಪ್ಪನೂ ಸಾರ್ತಿದ್ದ. ಅಗಸಿಯಿಂದ ಶುರುವಾಗಿ ಕುಂಬಾರ ಓಣಿ ದಾಟಿ ಹನುಮಪ್ಪನ ಗುಡಿತನ. ಐದರ ಸುಮಾರು ಬಂದಿದ್ದ. ನಾವೆಲ್ಲ ಸಾಲಿಗಿ ಹೋಗಿ ಕುಂತ್ವಿ."

"ಬಡಾವಣೆ ಕಡೆ ಹೋದ್ನಾ?"

ಹುಲುಗಮ್ಮ ಕೈಯಲ್ಲಿದ್ದ ಕಸಬರಿಗೆಯನ್ನು ಕೆಳಗಿಟ್ಟಳು. "ಅವರಪ್ಪನ ಕಾಲ್ದಾಗ ಅಲ್ಲಿ ಬಡಾವಣಿ ಎಲ್ಲಿತ್ರಿ?"

ಜಂಬಣ್ಣ ಮನೆಯಲ್ಲಿರಲಿಲ್ಲ. 11.30ಕ್ಕೆ ಏರಿಯ ಮೇಲೆ ಸಿಕ್ಕ. ಅರವತ್ತು ದಾಟಿದ ಒಣಕಲು ಮನುಷ್ಯ, ಎರಡೂ ಅಂಗೈ ಕಿತ್ತುಹೋಗಿದ್ದವು. ಪೊಲೀಸರನ್ನು ಕಂಡರೂ ಮಣ್ಣು ಮೆತ್ತುವುದನ್ನು ನಿಲ್ಲಿಸಲಿಲ್ಲ.

"ಚೀಲ ಬಿಚ್ಚಿದ್ದು ನೀನಾ ಜಂಬಣ್ಣ?"

"ನಾನ ಸರ."

"ಬಡಾವಣೆಯವರಿಗೆ ಯಾಕೆ ಹೇಳ್ಲಿಲ್ಲ?"

"ಡಂಗುರದ ದಾರಿ ಅಲ್ಲಿಗೆ ಹೋಗಂಗಿಲ್ರಿ." ತಲೆ ಎತ್ತದೆ ಹೇಳಿದ. "ಏರಿ ಇನ್ನಾ ಒಸರಾಕತ್ತೈತಿ. ಸಂಜಿತನ ಬಿಡ್ರಿ ನನ್ನ. ಎಲ್ಲಿಗೂ ಓಡಿಹೋಗಂಗಿಲ್ಲ."

ಹಂಪೇಶನನ್ನು ಅಲ್ಲೇ ಕಾವಲು ಕೂರಿಸಿ ಗುರುಮೂರ್ತಿ ಜೀಪು ಹತ್ತಿದ. ಮನಸ್ಸು ಹಗುರಾಗಿತ್ತು ಎಂದು ಹೇಳಲೇಬೇಕು. ಊರು ಬೆಳೆದಿತ್ತು, ಡಂಗುರದ ದಾರಿ ಬೆಳೆದಿರಲಿಲ್ಲ. ಮುದುಕನ ಕಾಲು ಅಪ್ಪ ನಡೆದ ಓಣಿಗಳಲ್ಲೇ ನಡೆದು ಹಿಂದಿರುಗಿತ್ತು. ಘೋರ, ಆದರೆ ಅರ್ಥವಾಗುವಂಥ ತಪ್ಪು. ಎಫ್‌ಐಆರ್‌ನ ಕಲಮೂ ಸರಿಯಾಗಿ ಕೂರುತ್ತಿತ್ತು. ಇನ್ನು ಚೀಲ ಪೇರಿಸಿದವನು ಯಾರು ಎಂಬುದಷ್ಟೇ ಬಾಕಿ.

ಅದಕ್ಕೂ ತ್ರಾಸವಾಗಲಿಲ್ಲ. ಹೇಳಿಕಳಿಸಿದ್ದಕ್ಕೆ 12.45ಕ್ಕೆ ಠಾಣೆಗೆ ಬಂದ ಗುರುಶಾಂತ ಕೂರಿ ಎನ್ನುವ ಮೊದಲೇ ಕುರ್ಚಿ ಎಳೆದುಕೊಂಡ.

"ಕೋಡಿಗೆ ಚೀಲ ಹಾಕ್ಸಿದ್ದು ಯಾರು?"

"ನಾನೇ. ಮಂದಿ ಸಾಲಸೋಲ ಮಾಡಿ ಮನಿ ಕಟ್ಟ್ಯಾರ. ನೀರು ನುಗ್ಗಬಾರ್ದಲ್ರಿ?"

"ನೀರು ಎಲ್ಲಿಗೆ ಹೋಗ್ಬೇಕು ಮತ್ತೆ?"

"ಅದನ್ನ ನೋಡಾಕ ಸರ್ಕಾರ ಐತಿ. ನಾ ಏನು ಕದ್ದು ಮಾಡಿಲ್ಲ ಸರ. ನಿಮಗೂ ಗೊತ್ತಿತ್ತು."

"ನನಗೆ?"

"ಜೂನ್‌ದಾಗ ಜಂಬಣ್ಣ ನನ್ನ ಮ್ಯಾಲೆ ಅರ್ಜಿ ಕೊಟ್ಟಿದ್ನಲ್ಲ. ನೀವೇ ಫೋನ್ ಹಚ್ಚಿದ್ರಿ. ಇದು ಸಿವಿಲ್ ಐತಿ, ನಮಗೆ ಬರಲ್ಲ ಅಂದ್ರಿ. ನಾ ಆತ್ರಿ ಅಂದೆ."

ಸುಮಲತಾ ಬರೆಯುತ್ತಿದ್ದ ಪೆನ್ನು ನಿಂತಿತು. ಗುರುಮೂರ್ತಿ ರಿಜಿಸ್ಟರ್ ತರುವಂತೆ ಸನ್ನೆ ಮಾಡಿದ. ಜೂನ್ 17ರ ಸಾಲಿನಲ್ಲಿ ಅರ್ಜಿ ಇತ್ತು. ಕೋಡಿ ಕಟ್ಟಿದ್ದಾರೆ, ಮಳೆ ಜೋರಾದರೆ ಏರಿ ನಿಲ್ಲುವುದಿಲ್ಲ, ಜೀವ ಹೋಗುತ್ತವೆ, ಬಂದು ನೋಡಬೇಕು ಎಂದು ಯಾರ ಕೈಯಲ್ಲೋ ಬರೆಸಿದ್ದು. ಪಕ್ಕದಲ್ಲಿ ಹಿಂಬರಹದ ಪ್ರತಿ: 'ವಿಷಯವು ಸಿವಿಲ್ ಸ್ವರೂಪದ್ದಾಗಿದ್ದು ಸಕ್ಷಮ ನ್ಯಾಯಾಲಯದಲ್ಲಿ ಪರಿಹರಿಸಿಕೊಳ್ಳತಕ್ಕದ್ದು.' ಕೆಳಗೆ ತನ್ನದೇ ದುಂಡನೆಯ ಸಹಿ.

ಬಂದ ಅರ್ಜಿಯನ್ನು ಬಂದ ದಿನವೇ ವಿಲೇವಾರಿ ಮಾಡುತ್ತಾನೆಂದು ಗುರುಮೂರ್ತಿಗೆ ಹೆಸರಿತ್ತು. ಬಾಕಿ ಅರ್ಜಿಯೇ ಇಲ್ಲದ ಠಾಣೆ ಎಂದು ಆಗಸ್ಟ್‌ನಲ್ಲಿ ಮೇಲಧಿಕಾರಿಗಳಿಂದ ಬೆನ್ನು ತಟ್ಟಿಸಿಕೊಂಡಿದ್ದ. ಅಂದು ಶಾಲು ಹೊದೆಸಿದ್ದೂ ನೆನಪಿತ್ತು, ಕೊಟ್ಟ ಊಟವೂ ನೆನಪಿತ್ತು. ಈ ಅರ್ಜಿ ಮಾತ್ರ ನೆನಪಿರಲಿಲ್ಲ. ಕೋಡಿ ಠಾಣೆಯಿಂದ ಒಂದೂವರೆ ಕಿಲೋಮೀಟರು. ಅಂದು ಜೀಪು ತಿರುಗಿಸಿದ್ದರೆ ಹತ್ತು ನಿಮಿಷದ ಕೆಲಸ. ಅವನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ.

3.20. ಬಡಾವಣೆಯ ಕಮಾನಿನ ಪಕ್ಕ ಮಿರ್ಚಿ ಬಂಡಿ ಇಟ್ಟುಕೊಂಡಿದ್ದ ಕೊಟ್ರಮ್ಮ ತಾನಾಗಿ ಠಾಣೆಗೆ ಬಂದಳು. ಒಂದು ಮಾತು ಹೇಳಬೇಕು ಎಂದಳು.

"ನಿನ್ನೆ ಐದೂವರಿಗೆ ನಾ ತಾಡಪಾಲ ಕೆಳಗ ಕುಂತಿದ್ನಿ. ಜಂಬಣ್ಣ ಹಲಗಿ ಕೊಳ್ಳಿಗೆ ಹಾಕ್ಕೊಂಡು ಕಮಾನಿನತನ ಬಂದ. ನಿಂತ. ಕೋಲು ಎತ್ತಿದ, ಮತ್ತ ಇಳಿಸಿದ. ಆಮ್ಯಾಲೆ ತಿರುಗಿ ಹೋದ."

"ಎಷ್ಟು ಹೊತ್ತು ನಿಂತಿದ್ದ?"

"ಒಂದು ಬಾಣಲಿ ಮಿರ್ಚಿ ಕರಿಯೋವಷ್ಟು."

"ನೀನಾದ್ರೂ ಏನು ಎತ್ತ ಅಂತ ಕೇಳಬಾರ್ದಿತ್ತಾ?"

"ಕೇಳಬೇಕಿತ್ರಿ," ಎಂದು ಕೊಟ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ಬಂಡಿ ನೆನೀತೈತಿ ಅಂತ ನಂದ ನಾ ನೋಡ್ಕೊಂಡೆ. ಅರ್ಚನಾ ದಿನಾ ನನ್ನ ತಾಕ ಬರ್ತಿದ್ಲು."

ಸುಮಲತಾ ಹೇಳಿಕೆ ಬರೆದುಕೊಂಡಳು. ಗುರುಮೂರ್ತಿ ನೇರ ಏರಿಗೆ ಹೋದ. ಗಂಟೆ 4.30. ಒಸರು ನಿಂತಿತ್ತು. ಜಂಬಣ್ಣ ಸಲಿಕೆ ಪಕ್ಕಕ್ಕಿಟ್ಟು ಕೂತಿದ್ದ.

"ನೀನು ಕಮಾನಿನ ತನಕ ಹೋಗಿದ್ದಿ."

ಮುದುಕ ಕೈಯ ಮಣ್ಣು ಒರೆಸಿಕೊಂಡ. "ಹೋಗಿದ್ದೆ ಸರ."

"ಹಂಗಾದ್ರೆ ಡಂಗುರದ ದಾರಿ ಅಲ್ಲಿಗೆ ಹೋಗಲ್ಲ ಅಂದಿದ್ದು ಸುಳ್ಳು."

"ಸುಳ್ಳು."

"ಯಾಕೆ ತಿರುಗಿದಿ?"

"ಮಳಿಗಾಲಕ್ಕ ಮೊದ್ಲು ಬಡಾವಣಿ ಮಂದಿಗೆ ಹೇಳ್ದೆ, ಸಾಹುಕಾರಗ ಹೇಳು ಅಂದ್ರು. ಸಾಹುಕಾರ ನಕ್ಕ. ನಿಮ್ಮ ತಾಕ ಬಂದೆ. ನೀವು ಮೊಹರು ಹಾಕಿ ಕಾಗದ ಕೊಟ್ರಿ. ನನಗ ಓದಾಕ ಬರಂಗಿಲ್ಲ. ಚೀಲ ತೆಗೀಬೇಕಂತ ಸರ್ಕಾರ ಹುಕುಂ ಮಾಡೈತಿ ಅನ್ಕೊಂಡು ದೇವರ ಜಗಲಿ ಮ್ಯಾಲೆ ಇಟ್ಟು ಕುಂಕುಮ ಹಚ್ಚಿದೆ. ಎರಡು ತಿಂಗಳು ದಾರಿ ಕಾದೆ. ಆಮ್ಯಾಲೆ ಹುಲುಗಮ್ಮನ ಸೊಸಿ ಓದಿ ಹೇಳಿದ್ಲು."

ಗುರುಮೂರ್ತಿ ಅವನ ಪಕ್ಕದಲ್ಲಿ ಕೂತ. ಜಂಬಣ್ಣ ಮುಂದುವರಿಸಿದ.

"ನಿನ್ನೆ ಕಮಾನಿನ ಕೆಳಗ ನಿಂತಾಗ ಆ ಕಾಗದ ನೆನಪಾತ್ರಿ. ನನ್ನ ಮಾತು ಯಾರೂ ಕಿವಿಗೆ ಹಾಕ್ಕೊಳ್ಳಿಲ್ಲ, ನಾ ಈಗ ಯಾಕ ಒದರಬೇಕು ಅನಿಸ್ತು. ಮನಿಯಾಗ ನೀರು ಬರ್ಲಿ, ಹಾಸಿಗಿ ಟೀವಿ ತೊಯ್ಲಿ, ಆಗ ಎಲ್ರೂ ಕೂಡಿ ಸಾಹುಕಾರನ ಕೊಳ್ಳಪಟ್ಟಿ ಹಿಡೀತಾರ ಅನ್ಕೊಂಡೆ. ಸಿಟ್ಟು ಬಂದಿತ್ತು ಸರ. ಜೀವ ಹೋಗ್ತೈತಂತ ಅರ್ಜಿದಾಗ ಬರಿಸಿದವನೂ ನಾನ, ಮರತವನೂ ನಾನ." ಆಮೇಲೆ ಕೇಳಿದ, "ಆ ಹೆಣ್ಣುಮಗಳ ಹೆಸರೇನ್ರಿ?"

"ಅರ್ಚನಾ."

ಜಂಬಣ್ಣ ಆ ಹೆಸರನ್ನು ಎರಡು ಸಲ ಮೆಲ್ಲಗೆ ಅಂದುಕೊಂಡ.

ಠಾಣೆಗೆ ಬಂದ ಗುರುಮೂರ್ತಿ ಫೈಲು ಮುಂದಿಟ್ಟುಕೊಂಡು ಅರ್ಧ ಗಂಟೆ ಕೂತ. ಆರೋಪಿ ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಕೊಟ್ರಮ್ಮನ ಹೇಳಿಕೆ ನಡೆಯುತ್ತದೆ. ಆ ಒಂದು ಹಾಳೆ ಫೈಲಿನಲ್ಲಿದ್ದರೆ ಮುದುಕ ಮರೆತವನಲ್ಲ, ಗೊತ್ತಿದ್ದೂ ತಿರುಗಿದವನು. ಕಲಂ 105, ಕೊಲೆಯಲ್ಲದ ನರಹತ್ಯೆ, ಬರುತ್ತದೆ, ವರ್ಷಗಟ್ಟಲೆ ಜೈಲು. ಯಾಕೆ ತಿರುಗಿದ ಎಂದು ಕೇಳಿದರೆ ಹಿಂಬರಹ ಹೊರಗೆ ಬರುತ್ತದೆ, ಗುರುಮೂರ್ತಿಯ ನೌಕರಿಯೂ ಹೋಗಬಹುದು. ಆ ಹಾಳೆ ಇಲ್ಲದಿದ್ದರೆ ಇಬ್ಬರೂ ಬದುಕಿಕೊಳ್ಳುತ್ತಾರೆ. ಪಾಪ, ಮುದುಕ, ಊರು ಉಳಿಸಿದವನು ಎಂದು ಮನಸ್ಸು ವಕಾಲತ್ತು ಶುರು ಮಾಡಿತು. ಆ ಕನಿಕರ ಜಂಬಣ್ಣನ ಮೇಲೋ ತನ್ನ ಮೇಲೋ ಎಂದು ಅವನಿಗೆ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಎನ್ನುವುದೂ ಸುಳ್ಳು, ಚೆನ್ನಾಗಿ ಗೊತ್ತಿತ್ತು. ಹೊರಗೆ ಶ್ರೀನಿವಾಸ ಕಟ್ಟೆಯ ಮೇಲೆ ಹಾಗೇ ಕೂತಿದ್ದ, ಮರಣೋತ್ತರ ವರದಿಗೆ ಕಾಯುತ್ತ.

"ಸರ್, ಕೊಟ್ರಮ್ಮನ ಹೇಳಿಕೆ ಏನ್ ಮಾಡ್ಲಿ?" ಎಂದು ಸುಮಲತಾ ಬಾಗಿಲಲ್ಲಿ ನಿಂತು ಕೇಳಿದಳು. ಅವಳಿಗೆ ಎಲ್ಲ ತಿಳಿದಿತ್ತು.

"ಫೈಲಿಗೆ ಹಾಕಮ್ಮ."

"ಜೂನ್ ತಿಂಗಳ ಅರ್ಜಿ?"

"ಅದನ್ನೂ. ಹಿಂಬರಹ ಕೂಡ."

5.50ಕ್ಕೆ ಸರ್ಕಲ್ ಇನ್‌ಸ್ಪೆಕ್ಟರಿಗೆ ಪತ್ರ ಬರೆದ: ಪ್ರಕರಣದಲ್ಲಿ ತಾನೇ ಸಾಕ್ಷಿಯಾಗಿರುವುದರಿಂದ ತನಿಖೆಯನ್ನು ಬೇರೆಯವರಿಗೆ ವಹಿಸಬೇಕು. ಕಲಂ 105 ಸೇರಿಸಲು ಕೋರ್ಟಿಗೆ ವರದಿ ತಯಾರಾಯಿತು. ಮಧ್ಯಾಹ್ನದಿಂದ ಠಾಣೆಯಲ್ಲೇ ಕೂರಿಸಿಕೊಂಡಿದ್ದ ಗುರುಶಾಂತನನ್ನು ದಸ್ತಗಿರಿ ಮಾಡಿದರು. ಅವನು ಫೋನಿನ ಮೇಲೆ ಫೋನು ಹಚ್ಚಿದ, ಯಾರೂ ಎತ್ತಲಿಲ್ಲ. ಆಮೇಲೆ ಗುರುಮೂರ್ತಿ ಕಟ್ಟೆಗೆ ಹೋಗಿ, ಬೆಳಿಗ್ಗೆ ಕೂತಲ್ಲೇ ಕೂತು, ಶ್ರೀನಿವಾಸನಿಗೆ ಎಲ್ಲವನ್ನೂ ಹೇಳಿದ. ಜೂನ್ 17ನ್ನೂ ಹೇಳಿದ. ಶ್ರೀನಿವಾಸ ಬೈಯಲಿಲ್ಲ, ಅಳಲಿಲ್ಲ. ಎದ್ದು ಸ್ವಲ್ಪ ದೂರ ಸರಿದು ಕೂತ.

6.40, ಜಂಬಣ್ಣನ ಮನೆ. ಹಂಪೇಶ್ ಅವನನ್ನು ಏರಿಯಿಂದ ಕರೆತಂದಿದ್ದ. ದಸ್ತಗಿರಿ ಪತ್ರಕ್ಕೆ ಮನೆಯವರ ಸಹಿ ಬೇಕು. ಅವನ ಹೆಂಡತಿ ಎರ್ರಮ್ಮ ಹೆಬ್ಬೆಟ್ಟು ಒತ್ತಿದಳು. ಮಸಿಯಾದ ಬೆರಳನ್ನು ಸೀರೆಗೆ ಒರೆಸಿಕೊಳ್ಳುತ್ತ ಗುರುಮೂರ್ತಿಯ ಮುಖ ನೋಡಿದಳು. ಅವಳು ಮಾತಾಡಿದ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ, ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

"ಅರ್ಜಿ ಕೊಡಾಕ ನಾನೂ ಬಂದಿದ್ನಿ ಸರ. ನೀವು ನಮ್ಮಿಬ್ರಿಗೂ ಕುರ್ಚಿ ಹಾಕ್ಸಿ ಚಾ ತರಿಸಿದ್ರಿ. ಮನಿ ಮುಟ್ಟೋತನ ಇವ ಅದನ್ನ ಹೇಳ್ಕೊಂತ ಬಂದ. ನಮ್ಮ ಮಾತು ಕೇಳೋ ಸಾಹೇಬ್ರು ಸಿಕ್ರು ಅಂತ."

ಅಂದಿನ ಕೇಸ್ ಡೈರಿಯನ್ನು ಗುರುಮೂರ್ತಿ ಸುಮಲತಾಳಿಗೆ ಕೊಡದೆ ತಾನೇ ಬರೆದ. ಅಪರಾಧಕ್ಕೆ ಪ್ರೇರಣೆ ಎಂಬಲ್ಲಿ ಇಷ್ಟಿತ್ತು: 'ಆರೋಪಿಗೆ ಮೃತಳ ಮೇಲೆ ಯಾವ ದ್ವೇಷವೂ ಇರಲಿಲ್ಲ, ಆಕೆಯ ಹೆಸರೂ ಗೊತ್ತಿರಲಿಲ್ಲ. ಅಪಾಯದ ಬಗ್ಗೆ ಮೂರು ಕಡೆ ಮೊದಲೇ ತಿಳಿಸಿದ್ದು, ಯಾರೂ ಲಕ್ಷ್ಯ ಕೊಡದಿದ್ದರಿಂದ ಸಿಟ್ಟಿನಲ್ಲಿ ಎಚ್ಚರಿಕೆ ಕೊಡದೆ ಹಿಂದಿರುಗಿದ್ದಾನೆ. ಆ ಮೂರರಲ್ಲಿ ಸ್ಥಳಕ್ಕೆ ಹೋಗಿ ನೋಡುವ ಅಧಿಕಾರ ಇದ್ದದ್ದು ನನಗೊಬ್ಬನಿಗೆ. ನಾನು ಹೋಗಲಿಲ್ಲ.'