ಹೆಬ್ಬೆಟ್ಟು ಬರ್ಲಿಲ್ಲ, ಇನ್ನೊಂದ್ಸಲ ಒತ್ತು

ಫೆಬ್ರವರಿ ಒಂಬತ್ತು, ಸೋಮವಾರ, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಹುಲಗೋಳದ ತಿಮ್ಮಿ ಶಿರಸಿ ಠಾಣೆ ಮೆಟ್ಲು ಹತ್ತಿದ್ಲು. ಐವತ್ತೆರಡು ವರ್ಷದ ಹೆಂಗ್ಸು. ಊರೂರು ತಿರುಗಿ ಅಡಿಕೆ ಸುಲಿಯೂದೇ ಕೆಲ್ಸ. ಕೈಯಲ್ಲೊಂದು ಕಾಗದ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿದ್ದು, ಬರೆದದ್ದು ಹಿಂದಿಯಲ್ಲಿ. ಕಾನ್‌ಸ್ಟೇಬಲ್ ಮಧುರಾ ಅದನ್ನ ಓದ್ತಾ ಓದ್ತಾ ಕೂತಲ್ಲಿಂದ ಎದ್ದು ನಿಂತ್ಲು.

"ಎಂತ ಬರ್ದಾರೆ ತಂಗಿ? ರೇಶನ್ ಬಂದ್ ಮಾಡಿದ್ರಾ?"

"ರೇಶನ್ ಅಲ್ಲಮ್ಮ. ನಿನ್ ಹೆಸ್ರಲ್ಲಿರೂ ನಂಬರಿಂದ ಯಾರನ್ನೋ ಹೆದ್ರಿಸಿದಾರೆ ಅಂತ ಪೊಲೀಸ್ ನೋಟೀಸು."

"ನಾನಾ? ನಮ್ಮನೆ ಬೆಕ್ಕೂ ನಂಗೆ ಹೆದ್ರೂದಿಲ್ಲ."

ಇನ್ಸ್‌ಪೆಕ್ಟರ್ ಉಲ್ಲಾಸ ಕಮ್ಮಾರ ಬ್ಯಾಡಗಿ ಕಡೆಯವ್ರು, ಶಿರಸಿಗೆ ಬಂದು ಎಂಟು ತಿಂಗ್ಳು. ಕೂತಲ್ಲಿ ಕೂರೂ ಜನ ಅಲ್ಲ, ಮಾತಾಡೂದೂ ತಿರುಗ್ತಾ ತಿರುಗ್ತಾನೇ. ನೋಟೀಸು ಎರಡ್ಸಲ ಓದಿದ್ರು. ಉತ್ತರದ ಕಡೆ ಯಾವ್ದೋ ಊರಲ್ಲಿ ಒಬ್ಬ ಟೀಚರಮ್ಮ. ಅವ್ಳಿಗೆ ಯಾರೋ ವಿಡಿಯೋ ಕಾಲ್ ಮಾಡಿ, ನಾವು ಪೊಲೀಸ್ರು, ನೀನು ಅರೆಸ್ಟ್ ಆಗಿದ್ದೀಯ, ಫೋನಿನ ಎದುರಿಂದ ಏಳಬೇಡ ಅಂದಿದಾರೆ. ಆ ಪುಣ್ಯಾತ್ಗಿತ್ತಿ ಎರಡು ದಿನ ಎದ್ದಿಲ್ಲ. ಮೂರನೇ ದಿನ ಅಕ್ಕಪಕ್ಕದವ್ರು ಆಸ್ಪತ್ರೆಗೆ ಹಾಕಿದಾರೆ, ಇನ್ನೂ ಮಾತು ಬಂದಿಲ್ಲ. ಫೋನಲ್ಲಿ ಅರೆಸ್ಟ್ ಮಾಡೂ ಕಾನೂನು ಯಾವ ಪುಸ್ತಕದಲ್ಲೂ ಇಲ್ಲ ಮಾರಾಯ, ನಾನು ಇದೇ ಠಾಣೆಯಲ್ಲಿ ಇಪ್ಪತ್ತಾರು ವರ್ಷ ರೈಟರ್ ಆಗಿದ್ದವ ಹೇಳ್ತೆ. ಆದ್ರೆ ಹೆದ್ರಿದವ್ರು ಪುಸ್ತಕ ತೆಗ್ದು ನೋಡ್ತಾರಾ.

ಕಾಲ್ ಬಂದ ನಂಬರು ತಿಮ್ಮಿ ಹೆಸ್ರಲ್ಲಿ. ಮಧ್ಯಾಹ್ನ ಎರಡಕ್ಕೆ ಆ ರಾಜ್ಯದ ಇಬ್ರು ಪೊಲೀಸ್ರೇ ಹುಬ್ಬಳ್ಳಿ ಬಸ್ಸಿಂದ ಇಳಿದು ಬಂದ್ರು. ಅವ್ರ ಎಸ್‌ಐ ಸಣ್ಣ ಪ್ರಾಯದವ, ಮರ್ಯಾದಸ್ಥ, ಆದ್ರೆ ಗಟ್ಟಿ, ಮಾತೆಲ್ಲ ಹಿಂದಿ. ಬುಧವಾರ ಹನ್ನೊಂದಕ್ಕೆ ಕೋರ್ಟಲ್ಲಿ ಅರ್ಜಿ ಕೊಡ್ತೇನೆ, ಇವ್ಳನ್ನ ಕರ್ಕೊಂಡು ಹೋಗ್ತೇನೆ ಅಂದ. ಭಾಷೆ ಬಾರದ ಊರು, ಎರಡು ದಿನದ ರೈಲು. ಅಲ್ಲಿ ಇವ್ಳಿಗೆ ಜಾಮೀನು ಕೊಡೋರು ಯಾರು?

ಹೆಡ್ ಕಾನ್‌ಸ್ಟೇಬಲ್ ಕೆರಿಯಪ್ಪ, ಸಿದ್ದಾಪುರದವ, ಮೆಲ್ಲಗೆ ಕೇಳ್ದ. "ಕಾರವಾರದ ಸೈಬರ್ ಠಾಣೆಗೆ ಕಳ್ಸೂದಾ ಸರ್? ಸಿಮ್ ಕೊಟ್ಟ ಜಾಗ ಬೇರೆ ಠಾಣೆ ಹದ್ದಾದ್ರೆ ಅದೂ ನಮ್ದಲ್ಲ."

"ಕಾರವಾರಕ್ಕ ಪ್ರತಿ ಕಳಸ್ರಿ. ಕಡತ ಅಲ್ಲಿ ಮುಟ್ಟೂದ್ರಾಗ ಈಕಿ ರೈಲಿನಾಗ ಕುಂತಿರ್ತಾಳ. ಎಫ್ಐಆರ್ ಇಲ್ಲೇ ಹಾಕ್ರಿ."

ಎರಡೂ ನಲವತ್ತಕ್ಕೆ ಎಫ್ಐಆರ್ ಆಯ್ತು. ದೂರುದಾರೆ ತಿಮ್ಮಿ, ಆರೋಪಿ ಅಪರಿಚಿತ.

ಮಧುರಾ ಸರ್ಕಾರದ ಪೋರ್ಟಲ್ ತೆಗ್ದು ತಿಮ್ಮಿ ಹೆಸ್ರಲ್ಲಿ ಎಷ್ಟು ನಂಬರಿದೆ ನೋಡಿದ್ಲು. ಎರಡು. ಒಂದು ತಿಮ್ಮಿ ಸೊಂಟದಲ್ಲಿದ್ದ ಬಟನ್ ಫೋನಿಂದು. ಇನ್ನೊಂದು ಅವ್ಳು ಕಣ್ಣಲ್ಲೂ ಕಾಣದ್ದು. ನೀನೂ ಒಮ್ಮೆ ನೋಡ್ಕೋ, ಎರಡು ನಿಮಿಷದ ಕೆಲ್ಸ. ನಂಗೆ ಮೊಮ್ಮಗಳು ನೋಡಿ ಹೇಳಿದ್ಲು, ನನ್ ಹೆಸ್ರಲ್ಲಿ ಮೂರಿತ್ತು.

ಸಂಜೆ ಐದೂ ಐದಕ್ಕೆ ಸಿಮ್ ಕಂಪ್ನಿಯಿಂದ ಮೇಲ್ ಬಂತು. ಆ ಎರಡನೇ ಸಿಮ್ ಡಿಸೆಂಬರ್ ಹನ್ನೆರಡು, ಶುಕ್ರವಾರ, ಸಂಜೆ ನಾಲ್ಕೂ ನಲವತ್ತೊಂದಕ್ಕೆ ಯಲ್ಲಾಪುರ ಕಡೆಯ ಉಮ್ಮಚಗಿಯಲ್ಲಿ ಚಾಲೂ ಆದದ್ದು. ಬೆರಳಚ್ಚು ತಿಮ್ಮೀದೇ. ಎಸ್‌ಐ ಕೈ ಅಗಲ ಮಾಡ್ದ. ಬೆರಳು ಅವ್ಳದ್ದೇ ಅಂದ್ಮೇಲೆ ಇನ್ನೆಂತ ಉಳೀತು ಸಾಹೇಬ್ರೆ ಅಂದ.

ಉಲ್ಲಾಸ ಕುರ್ಚಿ ಎಳ್ದು ತಿಮ್ಮಿ ಎದ್ರು ಕೂತ್ರು. ಅವತ್ತು ಅವ್ರು ಕೂತದ್ದು ಅದೊಂದೇ ಸಲ.

"ಡಿಸೆಂಬರ್‌ನಾಗ ಉಮ್ಮಚಗಿಗೆ ಹೋಗಿದ್ದೆನ?"

"ಒಂದ್ ತಿಂಗ್ಳು ಅಲ್ಲೇ ಇದ್ನಲ್ರ, ಸುಲಿಯೂಕೆ."

"ಸಿಮ್ ತಗೊಂಡೆನ?"

"ಹ್ಞಾ. ನನ್ ಹಳೇದು ಮಗನ ಹೆಸ್ರಿಂದು, ಅದ್ಕೆ ಅಲ್ಲಿ ಟವರಿಲ್ಲ. ಛತ್ರಿ ಹಾಕ್ಕಂಡು ಕೂತವ ಕೊಟ್ಟ. ಫೋಟೋನೂ ಹೊಡ್ದ."

"ಎಷ್ಟು ಕೊಟ್ಟ?"

"ಒಂದೇ. ಇಕಾ, ಇದೇ."

"ಹೆಬ್ಬೆಟ್ಟು ಎಷ್ಟು ಸಲ ಒತ್ತಿಸ್ದ?"

ತಿಮ್ಮಿ ನಕ್ಕಳು. "ಅದ್ನ ಯಾರ್ ಎಣಿಸ್ತಾರೆ ಒಡೆಯಾ. ನೋಡಿ ಇಲ್ಲಿ." ಎರಡೂ ಹೆಬ್ಬೆಟ್ಟು ಮುಂದೆ ಹಿಡಿದ್ಲು. ಸಿಪ್ಪೆ ತಿಕ್ಕಿ ತಿಕ್ಕಿ ಗೆರೆ ಸವೆದು ಹೋಗಿತ್ತು, ಕಪ್ಪಗೆ, ನುಣ್ಣಗೆ. "ರೇಶನ್ ಅಂಗ್ಡೀಲಿ ಹತ್ತು ಸಲ ಒತ್ತಿದ್ರೆ ಒಂದ್ಸಲ ಬತ್ತದೆ. ಹಿಂದೆ ನಿಂತವ್ರೆಲ್ಲ ಬೈತಾರೆ."

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೇ ಉಲ್ಲಾಸ ಶೌಕತ್ ಅಂಗಡಿ ಬಾಗ್ಲಲ್ಲಿ. ಶೌಕತ್ ಶಿರಸಿ ಪೇಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಮೊಬೈಲ್ ಮಾರೂ ಮನುಷ್ಯ. ಶಟರ್ ಇನ್ನೂ ಅರ್ಧ ಎತ್ತಿದ್ದ.

"ಒಂದು ಬೆರಳಿಗೆ ಎರಡು ಸಿಮ್ ಹೆಂಗ ಹೊಂಡತಾವ, ಹೇಳ್ರಿ."

"ನಾನು ಮಾಡೋದಿಲ್ಲ ಸಾಹೇಬ್ರೆ."

"ನೀವು ಮಾಡ್ತೀರಿ ಅಂದ್ನೇನು? ನಿಮಗ ಗೊತ್ತೈತಿ ಅಂದೆ."

ಶೌಕತ್ ತನ್ನ ಬೆರಳೊತ್ತೂ ಮಷಿನ್ ತೆಗ್ದು ಗಾಜಿನ ಮೇಲಿಟ್ಟ. "ಒಂದ್ಸಲ ಒತ್ತಿದ್ರೆ ಒಂದು ಸಿಮ್. ಆದ್ಮೇಲೆ ಗಿರಾಕಿಗೆ 'ಬರ್ಲಿಲ್ಲ, ಇನ್ನೊಂದ್ಸಲ ಒತ್ತು' ಅಂದ್ರೆ ಇನ್ನೊಂದು ಸಿಮ್ ತಯಾರು. ಬೆರಳು ಸರಿ ಇದ್ದವ್ರು ಯಾಕೆ ಅಂತ ಕೇಳ್ತಾರೆ. ಸುಲಿಯೋ ಹೆಂಗಸ್ರು ಕೇಳೋದಿಲ್ಲ. ತಮ್ದೇ ತಪ್ಪು ಅಂತ ಕೈ ಸೀರೆಗೆ ಒರೆಸ್ಕೊಂಡು ಮತ್ತೆ ಒತ್ತತಾರೆ. ಒಬ್ಬಳು ನನ್ ಹತ್ರ ಕ್ಷಮಿಸಿ ಅಂತ ಬೇರೆ ಅಂದಿದ್ಲು. ನೀವು ಕಂಪ್ನೀಲಿ ಬರೀ ಸಿಮ್ ಕೇಳಬೇಡಿ. ಒತ್ತಿದ ಪ್ರತಿ ಸಲದ ಟೈಮ್ ಕೇಳಿ, ಬಂದದ್ದು, ಬರದೇ ಇದ್ದದ್ದು, ಎಲ್ಲ."

ಕೇಳಿದ್ರು. ಒಂದೂ ಹದಿನೈದಕ್ಕೆ ಪಟ್ಟಿ ಬಂತು. ಮಧುರಾ ಎಸ್‌ಐ ಎದ್ರಿಗೇ ದೊಡ್ಡಕ್ಕೆ ಓದಿದ್ಲು. ನಾಲ್ಕೂ ಮೂವತ್ತೊಂದು, ಬರ್ಲಿಲ್ಲ. ಮೂವತ್ಮೂರು, ಬರ್ಲಿಲ್ಲ. ಮೂವತ್ತಾರು, ಬಂತು. ಅದು ತಿಮ್ಮಿ ಸೊಂಟದಲ್ಲಿರೂ ಸಿಮ್ಮು. ಮೂವತ್ತೆಂಟು, ಬರ್ಲಿಲ್ಲ. ನಲವತ್ತೊಂದು, ಬಂತು.

"ಬಂದ ಮ್ಯಾಲೆ ಮತ್ತ ಯಾಕ ಒತ್ತಿಸ್ದ?" ಅಂದ್ರು ಉಲ್ಲಾಸ.

ಎಸ್‌ಐ ಪಟ್ಟಿ ತಗೊಂಡು ತಾನೇ ಓದ್ದ. ಅದೇ ಮಷಿನ್ನಿಂದ, ಅದೇ ತಿಂಗ್ಳು, ಹತ್ತೊಂಬತ್ತು ಹೆಂಗಸ್ರ ಹೆಸ್ರಲ್ಲಿ ಹೀಗೇ ಎರಡೆರಡು. ಹತ್ತೊಂಬತ್ತೂ ಸುಲಿಯೋರು, ಹೆಸ್ರು ಕೇಳೇ ತಿಮ್ಮಿ ಗುರುತು ಹಿಡಿದ್ಲು. "ಮೋಸ ಆಗಿದ್ದು ಹೌದು," ಅಂದ. "ಆದ್ರೆ ನಂಗೆ ಒಬ್ಬ ಮನುಷ್ಯ ಬೇಕು. ನಾಳೆ ಹನ್ನೊಂದರ ಒಳಗೆ ಅವ ಸಿಗ್ದಿದ್ರೆ ನನ್ ಕಾಗದದಲ್ಲಿ ಇರೂದು ಇವ್ಳ ಹೆಸ್ರೇ."

ಮಷಿನ್ನಿನ ಐಡಿ ಪ್ರಮೋದ ಅನ್ನೋನದ್ದು, ಇಪ್ಪತ್ತೆಂಟು ವರ್ಷ, ಉಮ್ಮಚಗಿಯಲ್ಲಿ ಬಾಡಿಗೆ ಕೋಣೆ. ಕೆರಿಯಪ್ಪ ಹೋಗೂದ್ರೊಳಗೆ ಹಕ್ಕಿ ಹಾರಿತ್ತು. ಠಾಣೆಯಿಂದ ವಿಚಾರಣೆ ಬಂದದ್ದನ್ನ ಅವ್ನಿಗೆ ಮಷಿನ್ ಕೊಟ್ಟ ಏಜೆಂಟು ಸೋಮವಾರವೇ ಫೋನ್ ಮಾಡಿ ಹೇಳಿ ಕೆಡಿಸಿದ್ದ. ಮೂರೂ ಮೂವತ್ತಕ್ಕೆ ಪಂಚರ ಎದ್ರು ಕೋಣೆ ಪಂಚನಾಮೆ ಆಯ್ತು: ಸಿಮ್ ಮುರಿದು ತೆಗ್ದ ಖಾಲಿ ಕಾರ್ಡು ಹನ್ನೊಂದು, ಛತ್ರಿ ಒಂದು. ಮಷಿನ್ ಇಲ್ಲ. ಫೋನ್ ಸ್ವಿಚ್ ಆಫ್. ಪಕ್ಕದ ಮನೆಯವ್ಳು ಹೇಳಿದ್ಲು, ಮೂರು ವರ್ಷದ ಹಿಂದೆ ತನಕ ಅವ್ನೂ ಸುಲಿಯೂಕೆ ಹೋಗ್ತಿದ್ದ, ಕೈ ಭಾರೀ ಚುರುಕು.

ಏಜೆಂಟು ಠಾಣೆಗೇ ಫೋನ್ ಮಾಡ್ದ. ಐಡಿ ಈಗ್ಲೇ ಬ್ಲಾಕ್ ಮಾಡಿಸ್ತೆ, ನಮ್ ಮರ್ಯಾದೆ ಪ್ರಶ್ನೆ ಅಂದ.

"ಮುಟ್ಟಬ್ಯಾಡ್ರಿ," ಅಂದ್ರು ಉಲ್ಲಾಸ. "ಮುಟ್ಟಿದ್ರ ಎರಡನೇ ಆರೋಪಿ ನೀವ. ಫೋನ್ ಬಂದ್ ಮಾಡಿ ಹೋದಾಂವ ಮಷಿನ್ ಯಾಕ ಒಯ್ದಾನ? ಅದನ್ನ ಒಮ್ಮೆ ತಗದು ನೋಡ್ತಾನ." ಕಂಪ್ನಿಯವ್ರಿಗೂ ಹೇಳಿದ್ರು, ಆ ಐಡಿಯಿಂದ ಲಾಗಿನ್ ಆದ ಕ್ಷಣ ಜಾಗ ಸಮೇತ ನಂಗೆ ಬರ್ಬೇಕು.

ಅವತ್ತು ಲಾಗಿನ್ ಆಗ್ಲಿಲ್ಲ. ತಿಮ್ಮಿ ಠಾಣೆ ಬೆಂಚಿನ ಮೇಲೆ ಕೂತು ಮಧುರಾ ಹತ್ರ ಕೇಳ್ತಿದ್ಲು, ಆ ಊರಲ್ಲಿ ಅನ್ನ ಹಾಕ್ತಾರಾ, ಬರೀ ರೊಟ್ಟಿಯಾ. ಮಧುರಾ ಚಾ ತರೂಕೆ ಎದ್ದು ಹೋದ್ಲು.

ಬುಧವಾರ ಬೆಳಿಗ್ಗೆ ಏಳೂ ಹನ್ನೆರಡಕ್ಕೆ ಲಾಗಿನ್. ಸಿದ್ದಾಪುರದ ಆಚೆ ಒಂದು ಟವರು, ನಾಲ್ಕು ಊರಿಗೆ ಅದೊಂದೇ. ಜೀಪು ಅಲ್ಲಿ ಮುಟ್ಟಿದಾಗ ಎಂಟೂ ಇಪ್ಪತ್ತು.

"ನಾಲ್ಕ್ ಊರು ಯಾವಾಗ ಹುಡುಕೂದ್ರಿ?" ಅಂದ್ರು ಉಲ್ಲಾಸ.

ಕೆರಿಯಪ್ಪ ಅಂದ, "ಮನೆಮನೆ ಬೇಡ ಸರ್. ಈಗ ಚಾಲಿ, ಅಂದ್ರೆ ಒಣಗಿದ ಅಡಿಕೆ, ಸುಲಿಯೂ ಟೈಮು. ಹೆಸರು ಕೇಳ್ದೇ ಪರ ಊರವ್ನನ್ನ ಒಳಗೆ ಬಿಡೂ ಜಾಗ ಅಂದ್ರೆ ಸುಲಿಯೂ ಅಂಗಳ. ಅಷ್ಟೇ ನೋಡ್ವ."

ಮೂರನೇ ಅಂಗಳದಲ್ಲಿ ಸಿಕ್ಕ. ಹದಿನಾಲ್ಕು ಜನ ಸಾಲಾಗಿ ಅಡಿಕೆ ಸುಲಿಯೂ ಮೆಟ್ಟುಗತ್ತಿ ಮುಂದೆ ಕೂತಿದ್ರು, ಎಲ್ರಿಗಿಂತ ದೊಡ್ಡ ರಾಶಿ ಅವ್ನ ಎದ್ರಿಗೆ. ಪೊಲೀಸ್ರನ್ನ ಕಂಡು ಓಡ್ಲಿಲ್ಲ. ಕೈಲಿದ್ದ ಅಡಿಕೆ ಸುಲಿದು ಮುಗಿಸಿ ಎದ್ದ. ಒಂಬತ್ತೂ ಇಪ್ಪತ್ತೈದಕ್ಕೆ ದಸ್ತಗಿರಿ. ಟವೆಲ್ಲಲ್ಲಿ ಸುತ್ತಿದ ಮಷಿನ್ ಚೀಲದಿಂದ ಜಪ್ತಿ.

ಹನ್ನೊಂದಕ್ಕೆ ಐದು ನಿಮಿಷ ಇರೂವಾಗ ಜೀಪು ಶಿರಸಿ ಕೋರ್ಟ್ ಎದ್ರು ನಿಂತಿತು. ಎಸ್‌ಐ ತಿಮ್ಮಿ ಹೆಸ್ರಿನ ಅರ್ಜಿ ಫೈಲಿಂದ ತೆಗ್ದು ಮಡಚಿ ಕಿಸೆಗೆ ಹಾಕ್ದ, ಅವ್ಳ ಸಾಕ್ಷಿ ಹೇಳಿಕೆ ಬರೆಸ್ಕೊಂಡ. ಹೊಸ ಅರ್ಜಿ ಪ್ರಮೋದನ ಮೇಲೆ. ತಿಮ್ಮಿ ಯಾರಿಗೂ ಕೈ ಮುಗಿಲಿಲ್ಲ. ಮೂರು ದಿನದ ಕೆಲ್ಸ ಹೋಯ್ತು ಅಂತ ಬೈದು ಹುಲಗೋಳದ ಬಸ್ ಹತ್ತಿದ್ಲು. ಸರಿ ಮಾಡಿದ್ಲು, ನಾನಾದ್ರೂ ಬೈತಿದ್ದೆ.

ಜೀಪಲ್ಲಿ ಬರ್ತಾ ಉಲ್ಲಾಸರಿಗೂ ಪ್ರಮೋದನಿಗೂ ಆದ ಮಾತು ಕೆರಿಯಪ್ಪ ಆಮೇಲೆ ನನ್ ಹತ್ರ ಹೇಳಿದ್ದು.

"ಸಿಮ್ ಯಾರಿಗೆ ಕೊಟ್ಟಿ?"

"ಮೊದ್ಲು ಯಾರಿಗೂ ಇಲ್ಲ ಸರ್. ತಿಂಗ್ಳಿಗೆ ನಲವತ್ತು ಚಾಲೂ ಆಗ್ದಿದ್ರೆ ಮಷಿನ್ ವಾಪಸ್ ತಗೋತೆ ಅಂತಿದ್ದ ಏಜೆಂಟು. ಮಾಡಿ ಡಬ್ಬಿಯಲ್ಲಿ ಇಡ್ತಿದ್ದೆ. ಆಮೇಲೆ ಹೊರಗಿನವ ಒಬ್ಬ ಬಂದ. ಡಬ್ಬಿ ಕೊಡು, ಇಲ್ದಿದ್ರೆ ಕಂಪ್ನಿಗೆ ಹೇಳ್ತೆ ಅಂದ. ಕೊಟ್ಟೆ."

"ಆ ಹೆಂಗಸ್ರ ಗತಿ ಏನು ಅಂತ ಅನಸ್ಲಿಲ್ಲೇನು?"

ಅವ ತನ್ನ ಹೆಬ್ಬೆಟ್ಟು ತಿರುಗಿಸಿ ನೋಡ್ಕೊಂಡ. "ನಂದೂ ಬೆರಳು ಬರ್ತಿರ್ಲಿಲ್ಲ ಸರ್. ಸುಲಿಯೂದು ಬಿಟ್ಟು ಎಂಟು ತಿಂಗ್ಳಿಗೆ ಗೆರೆ ಮೂಡಿದ್ದು. ಮಷಿನ್ ಹೋದ್ರೆ ಮತ್ತೆ ಅದೇ ಮೆಟ್ಟುಗತ್ತಿ."

"ಮತ್ತ ಇವತ್ತು ಅದನ್ನ ಯಾಕ ತಗದಿ? ತಗೀದಿದ್ರ ಸಿಗ್ತಿರ್ಲಿಲ್ಲಲ್ಲೋ."

"ನನ್ ಐಡಿ ಇದೆಯಾ, ತೆಗ್ದ್ರಾ ನೋಡ್ದೆ, ಅಷ್ಟೇ. ಇತ್ತು."

"ಹನ್ನೆರಡಕ್ಕ ಬ್ಲಾಕ್ ಮಾಡ್ತಾರ," ಅಂದ್ರು ಉಲ್ಲಾಸ.

ಅವ ಜೀಪಿನ ಗಡಿಯಾರ ನೋಡ್ದ. ಹತ್ತೂ ಹತ್ತಾಗಿತ್ತು.