ಇಪ್ಪತ್ತೇಳನೆಯ ಪ್ರೊಫೆಸರ್

ಇಪ್ಪತ್ತೇಳನೆಯ ಸಂಖ್ಯೆಯ ಮೇಲೆ ಅವಳಿಗೆ ಒಂದು ಬಗೆಯ ಅಕ್ಕರೆ ಹುಟ್ಟಿ ನಾಲ್ಕು ತಿಂಗಳಾಗಿತ್ತು.

ನಾಲ್ಕು ಹೊಸ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ರೆಸಿಡೆಂಟ್ ಡಾಕ್ಟರುಗಳ ತರಬೇತಿ ಶುರುವಾಗಬೇಕಿತ್ತು. ಮೂರು ವರ್ಷ ಆಸ್ಪತ್ರೆಯಲ್ಲೇ ದುಡಿಯುತ್ತ ತಜ್ಞರಾಗುವವರು ಅವರು. ಅವರಿಗೆ ಕಲಿಸಲು ಹಳೆಯ ಕಾಲೇಜುಗಳಿಂದ ಪ್ರೊಫೆಸರುಗಳನ್ನು ಆರಿಸಿ ಹಂಚುವ ಸಮಿತಿಯನ್ನು ವೈದ್ಯಕೀಯ ಶಿಕ್ಷಣ ಇಲಾಖೆಯಲ್ಲಿ ನಡೆಸುವುದು ಅವಳ ಕೆಲಸ. ಶಿಫಾರಸಿನ ಗಾಳಿಯೂ ಸೋಕಬಾರದೆಂದು ಅವಳೇ ಒಂದು ನಿಯಮ ತಂದಿದ್ದಳು. ಪಟ್ಟಿಯಲ್ಲಿ ಹೆಸರಿಲ್ಲ, ಬರೀ ಸಂಖ್ಯೆ. ಅದರ ಮುಂದೆ ವಿಭಾಗ, ಅನುಭವ, ತಯಾರು ಮಾಡಿದ ಶಿಷ್ಯರ ಲೆಕ್ಕ. ಒಬ್ಬೊಬ್ಬರಿಗೂ ಅವರವರ ಸಂಖ್ಯೆ ಮಾತ್ರ ಗೊತ್ತು. ಹೆಸರುಗಳ ಲಕೋಟೆ ನಿರ್ದೇಶಕರ ಬೀರುವಿನಲ್ಲಿ.

ಇಪ್ಪತ್ತೇಳು ಅರಿವಳಿಕೆ ವಿಭಾಗ. ಹನ್ನೊಂದು ವರ್ಷ ಕಲಿಸಿದ ಅನುಭವ. ಕೈಕೆಳಗೆ ಕಲಿತ ಒಬ್ಬರೂ ಫೇಲಾಗಿಲ್ಲ. ಎಲ್ಲಕ್ಕಿಂತ ದೂರದ ನಾಲ್ಕನೇ ಕಾಲೇಜಿಗೆ ಅವಳು ಆರಿಸಿದ್ದು ಈ ಸಂಖ್ಯೆಯನ್ನೇ.

"ಈ ಇಪ್ಪತ್ತೇಳನ್ನ ನೋಡಿ ಡಾಕ್ಟ್ರೇ. ಮೇಷ್ಟ್ರು ಅಂದ್ರೆ ಹೀಗಿರ್ಬೇಕು," ಎನ್ನುತ್ತಿದ್ದಳು ಅವಳು, ಸಮಿತಿಗೆ ಸಲಹೆಗಾರನಾಗಿ ಪ್ರತಿ ಬುಧವಾರ ಬರುತ್ತಿದ್ದ ಅರಿವಳಿಕೆ ತಜ್ಞನಿಗೆ. ಆಫೀಸಿನವರೆಲ್ಲ ಅವನನ್ನು ಕರೆಯುತ್ತಿದ್ದದ್ದು ನಿದ್ದೆ ಡಾಕ್ಟ್ರು ಎಂದು.

"ಮುಖ ನೋಡದೇ ಮರುಳಾದ್ರಾ ಮೇಡಂ? ಬೋಳುತಲೆ ಆಗಿದ್ರೆ?"

"ಇರ್ಲಿ ಬಿಡಿ. ತಲೆ ಒಳಗೆ ಏನಿದೆ ಅನ್ನೋದು ಮುಖ್ಯ."

ಅವನು ತನ್ನ ದಟ್ಟ ಕೂದಲಿನ ಮೇಲೆ ಕೈಯಾಡಿಸುತ್ತ ಕಿಟಕಿಯ ಕಡೆ ತಿರುಗುತ್ತಿದ್ದ. ಕಿವಿಯ ತುದಿ ಕೆಂಪಗಾಗುತ್ತಿತ್ತು. ಅದು ಹೊಟ್ಟೆಕಿಚ್ಚೆಂದು ತಿಳಿದು ಅವಳು ಒಳಗೊಳಗೇ ಹಿಗ್ಗುತ್ತಿದ್ದಳು. ಅವನೇ ಆ ಪಟ್ಟಿಯಲ್ಲಿರಬಹುದೆಂದು ಒಮ್ಮೆಯೂ ಹೊಳೆಯಲಿಲ್ಲ. ಹಂಚುವ ಸಮಿತಿಯಲ್ಲಿ ಕೂತವರು ಹಂಚಿಕೆಯ ಹೊರಗಿರುತ್ತಾರೆ ಎಂದೇ ಅವಳು ನಂಬಿದ್ದಳು. ಯಾರನ್ನೂ ಕೇಳಿರಲಿಲ್ಲ.

ಈ ದಿನ ಬೆಳಿಗ್ಗೆ ನಿರ್ದೇಶಕರು ಲಕೋಟೆ ಒಡೆದರು. ಸಂಖ್ಯೆಗೊಂದು ಹೆಸರು ಓದುತ್ತ ಹೋದವರು ಇಪ್ಪತ್ತೇಳಕ್ಕೆ ಬಂದಾಗ ಕನ್ನಡಕದ ಮೇಲಿಂದ ಎದುರಿನ ಕುರ್ಚಿಯತ್ತ ನೋಡಿದರು.

"ಓಹೋ, ನಮ್ಮ ನಿದ್ದೆ ಡಾಕ್ಟ್ರೇ! ನಾಲ್ಕನೇ ಕಾಲೇಜು, ಒಂಬತ್ತು ಗಂಟೆ ದಾರಿ. ಮೊದಲ ಬ್ಯಾಚ್ ಮುಗಿಯೋ ತನಕ ಮೂರು ವರ್ಷ ಕದಲೋ ಹಾಗಿಲ್ಲ."

ಕೋಣೆಯಲ್ಲಿ ನಗು ಎದ್ದಿತು. ಅವಳ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಜಾರಿ ಮೇಜಿನ ಕೆಳಗೆ ಉರುಳಿಹೋಯಿತು.

"ಸಾರ್... ಸಮಿತಿಯವರೂ ಪಟ್ಟಿಯಲ್ಲಿ ಇದ್ರಾ?"

"ಇರದೆ ಏನಮ್ಮ? ನಾವೇನು ಆಕಾಶದಿಂದ ಉದುರಿದವರಾ? ತಿದ್ದೋದು ಏನಾದ್ರೂ ಇದ್ರೆ ಮಧ್ಯಾಹ್ನ ಮೂರು ಗಂಟೆ ಒಳಗೆ ತಿದ್ದಿ ಕಳಿಸು. ಆಮೇಲೆ ಆದೇಶ."

ಅವಳು ಅವನತ್ತ ನೋಡಿದಳು. ಅವನು ಮೇಜಿನ ಮರದ ಗೆರೆಗಳನ್ನು ಎಣಿಸುತ್ತಿರುವವನಂತೆ ತಲೆ ಬಗ್ಗಿಸಿ ಕೂತಿದ್ದ.

ಮೆಟ್ಟಿಲ ಬಳಿ ನಿಂತು ಅಕ್ಕನಿಗೆ ಫೋನ್ ಮಾಡಿದಳು.

"ನಿನ್ನ ಕೈಯಾರೆ ಕಳಿಸಿದ್ಯಾ? ಬೇಷ್! ಕಣ್ಣು ಮುಚ್ಕೊಂಡು ಹಂಚ್ತೀನಿ ಅಂತ ಮೆರೀತಿದ್ಯಲ್ಲ!"

"ಬೈಬೇಡ ಅಕ್ಕಾ."

"ಬೈತಿಲ್ಲ ಕಣೇ. ಅಳ್ತಿದೀಯಾ? ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದು ಸಾಕು. ಹೋಗಿ ಹೇಳು ಅವನಿಗೆ."

ಹೇಳಲಿಲ್ಲ. ತನ್ನ ಕೋಣೆಗೆ ಬಂದು ಕಂಪ್ಯೂಟರಿನಲ್ಲಿ ಪಟ್ಟಿ ತೆರೆದಳು. ಇಪ್ಪತ್ತೇಳನ್ನು ಅಳಿಸಿ ಮೂವತ್ತೊಂದನ್ನು ಬರೆದಳು. ಅವರೂ ಅರಿವಳಿಕೆಯವರೇ, ಅನುಭವ ಎರಡು ವರ್ಷದ್ದು. ಕ್ಷಣದಲ್ಲಿ ನಾಲ್ಕನೇ ಕಾಲೇಜಿನ ಸಾಲು ಕೆಂಪಾಯಿತು. ಅನುಭವಿ ಅರಿವಳಿಕೆ ಪ್ರೊಫೆಸರ್ ಇಲ್ಲದೆ ಆಪರೇಷನ್ ಕೋಣೆಗಳು ಪೂರ್ತಿ ನಡೆಯುವುದಿಲ್ಲ. ಆಪರೇಷನ್ನುಗಳಿಲ್ಲದೆ ಸರ್ಜರಿ, ಮೂಳೆ, ಹೆರಿಗೆ ವಿಭಾಗಗಳ ರೆಸಿಡೆಂಟುಗಳು ಕಲಿಯುವುದೇನನ್ನು? ಹದಿನಾರು ಸೀಟುಗಳು ಒಂದು ವರ್ಷ ಮುಂದಕ್ಕೆ ಹೋದವು.

ಅವಳ ಬೆರಳು ಕಳಿಸುವ ಗುಂಡಿಯ ಮೇಲೆಯೇ ಇತ್ತು.

"ಇಪ್ಪತ್ತೇಳನ್ನ ಇಷ್ಟು ಬೇಗ ಕೈಬಿಟ್ರಾ?"

ಬೆಚ್ಚಿಬಿದ್ದು ತಿರುಗಿದಳು. ಬಾಗಿಲಲ್ಲಿ ಅವನು. ಕಣ್ಣು ಪರದೆಯ ಮೇಲಿನ ಕೆಂಪಿನಲ್ಲಿ ನೆಟ್ಟಿತ್ತು.

"ನಿಮಗೆ ಮೊದಲೇ ಗೊತ್ತಿತ್ತು," ಎಂದಳು.

"ಗೊತ್ತಿತ್ತು."

"ನಾನು ಅಷ್ಟೊಂದು ಹೊಗಳ್ತಿದ್ರೆ, ಸುಮ್ನೆ ಕೂತು ಕೇಳಿಸ್ಕೊಂಡ್ರಾ?"

"ಹುಟ್ಟಿದಾಗಿನಿಂದ ಯಾರೂ ನನ್ನನ್ನ ಅಷ್ಟು ಹೊಗಳಿರ್ಲಿಲ್ಲ ಮೇಡಂ. ಬಾಯಿ ಬಿಟ್ರೆ ನಿಂತುಹೋಗತ್ತಲ್ಲ ಅಂತ..." ನಗಲು ಹೋಗಿ ಸೋತ. "ಮತ್ತೆ, ಹೇಳಿದ್ರೆ ನಿಮ್ಮ ನಿಯಮ ಮುರೀತಿತ್ತು. ಅಲ್ಲಿಗೆ ಹೋಗೋ ಒಪ್ಪಿಗೆ ಪತ್ರಕ್ಕೆ ಹದಿನೈದು ದಿನದ ಹಿಂದೇನೇ ಸಹಿ ಹಾಕಿದೀನಿ."

"ನೀವಾಗೇ ಒಪ್ಪಿದ್ರಾ?" ಅವಳು ಕುರ್ಚಿಯ ಕೈ ಹಿಡಿದುಕೊಂಡಳು.

"ಆ ಕಡೆಯಿಂದ ಹೆರಿಗೆ ಆಪರೇಷನ್ನಿಗೆ ಒಂಬತ್ತು ಗಂಟೆ ಗಾಡಿಯಲ್ಲಿ ಬರ್ತಾರೆ. ಹೋದ ತಿಂಗಳು ಒಬ್ಬಳು ಬಂದು ತಲುಪಿದಳು. ಅಷ್ಟರಲ್ಲಿ ನಾನು ಮಾಡೋಕೆ ಏನೂ ಉಳಿದಿರ್ಲಿಲ್ಲ."

ಅದು ಸರಿ ಎಂದು ಅವಳಿಗೆ ಗೊತ್ತಿತ್ತು. ಸರಿಯಾಗಿದ್ದದ್ದಕ್ಕೇ ಸಿಟ್ಟು ನೆತ್ತಿಗೇರಿತು.

"ಮೂರು ವರ್ಷ ಡಾಕ್ಟ್ರೇ! ನನ್ನ ಮೂರು ವರ್ಷಾನ ನನ್ನನ್ನ ಒಂದು ಮಾತೂ ಕೇಳದೆ ಕೊಟ್ಟುಬಿಟ್ರಾ?"

ಫ್ಯಾನಿನ ಗಾಳಿಗೆ ಕಾಗದಗಳು ಪಟಪಟ ಎಂದವು. ಆಡಿದ ಮಾತು ಅವಳಿಗೇ ಆಗ ಅರ್ಥವಾಯಿತು. ಮುಖ ಕಾದ ಹೆಂಚಾಯಿತು.

"ನಿಮ್ಮ ಮೂರು ವರ್ಷ," ಎಂದ ಅವನು, ಒಂದೊಂದೇ ಪದವನ್ನು ಮುಟ್ಟಿ ನೋಡುವವನಂತೆ. ಆಪರೇಷನ್ ಕೋಣೆಯಲ್ಲಿ ಆಕಾಶ ಕಳಚಿ ಬಿದ್ದರೂ ಅಲುಗದವನು ಎಂದು ಹೆಸರಾದ ಮನುಷ್ಯ. ಈಗ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. "ಮೊದಲು ಆ ಪಟ್ಟಿ ಕಳಿಸಿ ಮೇಡಂ. ಯಾವುದನ್ನ ಕಳಿಸ್ತೀರೋ ನಿಮ್ಮಿಷ್ಟ. ಆಮೇಲೆ ನಾನೊಂದು ಮಾತು ಕೇಳ್ಬೇಕು. ಈಗಲೇ ಕೇಳಿದ್ರೆ ಆಮಿಷ ಒಡ್ಡಿದ ಹಾಗಾಗತ್ತೆ."

ಗಡಿಯಾರದಲ್ಲಿ ಎರಡು ಗಂಟೆ ಐವತ್ತೊಂದು ನಿಮಿಷ.

ಅವಳು ಮೂವತ್ತೊಂದನ್ನು ಅಳಿಸಿದಳು. ಇಪ್ಪತ್ತೇಳು ಎಂದು ಬರೆದಳು. ಕೆಂಪೆಲ್ಲ ಹಸಿರಾಗುವುದನ್ನು ಸಾಲಿನ ಕೊನೆಯ ಚೌಕದವರೆಗೂ ನೋಡಿ, ಕಣ್ಣೊರೆಸಿಕೊಂಡು, ಕಳಿಸಿಬಿಟ್ಟಳು.

"ಕೇಳಿ."

"ಶನಿವಾರ ಹೊರಟು ಭಾನುವಾರ ಇಲ್ಲಿ ಮುಟ್ಟಿ, ಮತ್ತೆ ವಾಪಸ್ ಓಡೋ ಗಂಡ. ಹಬ್ಬಕ್ಕೂ ರಜ ಸಿಗತ್ತೆ ಅನ್ನೋ ಭರವಸೆ ಇಲ್ಲ. ನಿಮ್ಮ ಪಟ್ಟಿಯಲ್ಲಿ ಇಂಥವನು ಕೊನೇ ಸಾಲಿಗೂ ಬರಲ್ಲ, ಗೊತ್ತು. ಇಲ್ಲ ಅಂದ್ರೆ ಬೇಜಾರಿಲ್ಲ. ನಾನು..."

"ಹೂಂ."

ಅವನು ಇಲ್ಲ ಎನ್ನುವ ಉತ್ತರಕ್ಕೆ ಮಾತ್ರ ಸಿದ್ಧನಾಗಿ ಬಂದಿದ್ದನೆಂದು ಕಾಣುತ್ತದೆ. ಮುಖದ ರಕ್ತವೆಲ್ಲ ಇಳಿದುಹೋಗಿ, ಒಂದು ಕೈ ಹಿಂದೆ ಚಾಚಿ ಗೋಡೆಗಾಗಿ ತಡಕಾಡಿದ.

ಅವಳು ಎದ್ದು ತನ್ನ ಕುರ್ಚಿಯನ್ನೇ ಅವನ ಕಡೆ ತಳ್ಳಿದಳು.

"ಕೂತ್ಕೊಳ್ಳಿ ಡಾಕ್ಟ್ರೇ. ಉಸಿರಾಡಿ," ಎಂದಳು. ಅವನು ಕೂತ ಮೇಲೂ ಹೆಗಲಿನಿಂದ ಕೈ ತೆಗೆಯಲಿಲ್ಲ.